ಶವರ್ ಫಿಲ್ಟರೂ ಸೀಗೆಪುಡಿಯೂ
ಬೆಂಗಳೂರಿನ ಪಿ.ಜಿ.ಗಳಲ್ಲಿ ಕೂದಲು ಒರಟಾದರೆ ಮೊದಲ ಆರೋಪಿ ಬೋರ್‌ವೆಲ್ ನೀರು. ನಮ್ಮಲ್ಲೂ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ, ಮಿಂದು ಬಂದರೆ ಬಿಗಿದುಕೊಳ್ಳುವ ಚರ್ಮ. ರೂಮ್‌ಮೇಟ್ ಎರಡು ಸಾವಿರದ ಶವರ್ ಫಿಲ್ಟರ್ ತರಿಸಲು ಹೊರಟಳು. ತಿಂಗಳುಗಟ್ಟಲೆ ಫೆಲೋಶಿಪ್ ಬಾರದ ನಮಗೆ ಅದು ಸಣ್ಣ ಮೊತ್ತವಲ್ಲ.

ಒಳಗಿರುವುದೇನೆಂದು ಓದಿದೆ: ಇದ್ದಿಲು, ತಾಮ್ರ-ಸತುವಿನ ಹರಳು, ಕ್ಯಾಲ್ಸಿಯಂ ಸಲ್ಫೈಟ್. ಇವು ಮುಖ್ಯವಾಗಿ ಹಿಡಿಯುವುದು ಕ್ಲೋರಿನ್ನನ್ನು. ಕಾವೇರಿ ನೀರಿನ ಮನೆಗಾದರೆ ಸರಿ, ನಮ್ಮ ಬೋರ್‌ವೆಲ್ಲಿಗೆ ಕ್ಲೋರಿನ್ ಹಾಕುವವರೇ ಇಲ್ಲ! ಗೆಳತಿಯ ಲ್ಯಾಬಿನಲ್ಲಿ ಇಡಿಟಿಎ ಹನಿಸಿ ನೋಡಿದೆವು. ಕೆಂಪು ನೀಲಿಗೆ ತಿರುಗುವಷ್ಟರಲ್ಲಿ ಗಡಸುತನ ಲೀಟರಿಗೆ 540 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ 200.

ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಸಿದರೆ ಸಿಗುವುದಿಲ್ಲ. ರಾಳದ ಮಣಿಗಳು ಸೋಡಿಯಂ ಬಿಟ್ಟುಕೊಟ್ಟು ಅವನ್ನು ಹಿಡಿಯಬೇಕು, ಮಣಿಗಳಿಗೆ ಆಗಾಗ ಉಪ್ಪುನೀರು ಉಣಿಸಬೇಕು. ಅಂಗೈಯಗಲದ ಡಬ್ಬಿಗೆ ಮೀರಿದ ಕೆಲಸ. ಟ್ಯಾಂಕಿಗೇ ಸಾಫ್ಟ್‌ನರ್ ಹಾಕಿಸಿ ಅಂದರೆ ಓನರ್ ಆಂಟಿ ಬಾಡಿಗೆಯ ಮಾತೆತ್ತುತ್ತಾರೆ.

ಗಡಸು ನೀರಿನಲ್ಲಿ ಸೋಪು ಜಿಡ್ಡುಗಟ್ಟಿ ಮೈಗೇ ಅಂಟುತ್ತದೆ. ಸೀಗೆ, ಅಂಟುವಾಳದ ನೊರೆ ಹಾಗೆ ಜಿಡ್ಡುಗಟ್ಟುವುದಿಲ್ಲ. ಅಜ್ಜಿ ಊರಿಂದ ಸೀಗೆಪುಡಿ ಕಳಿಸಿದ್ದಾರೆ. ಕೊನೆಯ ಎರಡು ಚೊಂಬಿಗೆ ಆರ್‌ಒ ನೀರು, ಆಂಟಿಯ ಕಣ್ಣು ತಪ್ಪಿಸಿ.