ಪೊಟರೆ ಬಿದ್ದ ಮರ

ದಾಂಡೇಲಿ, ಜೊಯಿಡಾ ಕಡೆಯ ಕಾಡಿನಲ್ಲಿ ದೊಡ್ಡ ಮಂಗಟ್ಟೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಹಳೆಯ ಉಗಿಬಂಡಿ ಏದುಸಿರು ಬಿಡುತ್ತ ಘಟ್ಟ ಹತ್ತುವಂಥ ಸದ್ದು. ರೆಕ್ಕೆಯ ದೊಡ್ಡ ಗರಿಗಳ ಬುಡವನ್ನು ಕೆಳಗಿನಿಂದ ಮುಚ್ಚುವ ಸಣ್ಣ ಗರಿಗಳು ಅದಕ್ಕಿಲ್ಲ. ಆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ತಲೆಯೆತ್ತಿದರೆ ಮೊದಲು ಕಾಣುವುದು ಕೊಕ್ಕು. ಉದ್ದಕ್ಕೆ ಚಾಚಿ ಕೆಳಕ್ಕೆ ಬಾಗಿದ ಹಳದಿ ಕೊಕ್ಕು, ಅದರ ಮೇಲೊಂದು ಕಿರೀಟ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿಯೇ ಬಳಿದುಕೊಂಡು ತಂದ ಹಳದಿ ಅದು.

ಈ ಕೊಕ್ಕಿನ ಭಾರ ಹೊರಲೆಂದೇ ಕತ್ತಿನ ಮೊದಲೆರಡು ಮೂಳೆಗಳು ಒಂದಕ್ಕೊಂದು ಬೆಸೆದಿವೆ. ನಾಲಿಗೆ ಗಿಡ್ಡ, ಕೊಕ್ಕಿನ ತುದಿ ಮುಟ್ಟದು. ಹಾಗಾಗಿ ಕಿತ್ತ ಹಣ್ಣನ್ನು ಮೇಲಕ್ಕೆ ಚಿಮ್ಮಿಸಿ ಗಂಟಲಿಗೆ ಬೀಳಿಸಿಕೊಳ್ಳುತ್ತದೆ. ನೋಡಲು ಇಷ್ಟು ಗಟ್ಟಿಮುಟ್ಟಾದ ಕೊಕ್ಕಿನಿಂದ ಮಂಗಟ್ಟೆ ಒಂದು ಕೆಲಸ ಮಾಡಲಾರದು: ಮರ ಕೊರೆಯಲಾರದು. ಅಂಗೈಯಗಲದ ಮರಕುಟುಕ ತನ್ನ ಮನೆ ತಾನೇ ಕೊರೆದುಕೊಳ್ಳುತ್ತದೆ. ಮಂಗಟ್ಟೆ ಮಾತ್ರ ಯಾವುದೋ ಕಾಲದಲ್ಲಿ ಕೊಂಬೆ ಮುರಿದು, ಮಳೆನೀರು ಇಳಿದು, ಒಳಗೆ ಕೊಳೆತು ಪೊಟರೆಯಾದ ಹೆಮ್ಮರವನ್ನು ಹುಡುಕಬೇಕು.

ಬೇಸಿಗೆಗೆ ಮುಂಚೆ ಹೆಣ್ಣು ಅಂಥ ಪೊಟರೆಗೆ ಇಳಿಯುತ್ತದೆ. ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಯಿ ಮುಚ್ಚಿ, ಕೊಕ್ಕು ತೂರುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ಒಳಗೆ ಕೂತಾಗ ಹಾರುವ ಗರಿಗಳೂ ಉದುರುತ್ತವೆ. ಮೂರು ನಾಲ್ಕು ತಿಂಗಳು ಗಂಡೇ ದಿಕ್ಕು. ಅತ್ತಿ, ಗೋಳಿ, ಬಸರಿ, ರಾಮಪತ್ರೆ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಒಂದೊಂದೇ ಹೊರಗೆ ತೆಗೆದು ಸೀಳಿನಲ್ಲಿ ಕೊಡುತ್ತದೆ. ನಡುವೆ ಹಲ್ಲಿ, ಓತಿಕ್ಯಾತವೂ ಉಂಟು. ಆ ಗಂಡಿಗೆ ಗುಂಡು ಬಿದ್ದರೆ ಮರದೊಳಗಿನ ಸಂಸಾರದ ಗತಿ ಏನು? ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಕಿವುಚುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ವರ್ಷಕ್ಕೆ ಹಾರಿ ಹೋಗುವುದು ಸಾಮಾನ್ಯವಾಗಿ ಒಂದೇ ಮರಿ. ಹಕ್ಕಿಯೇನೋ ದೀರ್ಘಾಯುಷಿ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಯಲ್ಲಿ ವಿಲಿಯಂ ಎಂಬ ದೊಡ್ಡ ಮಂಗಟ್ಟೆಯೊಂದು 1894ರಿಂದ 1920ರವರೆಗೆ ಬಾಳಿತ್ತು. ಸೊಸೈಟಿಯ ಲಾಂಛನದಲ್ಲಿ ಇವತ್ತಿಗೂ ಮಂಗಟ್ಟೆಯೇ ಇದೆ. ಆದರೆ ಕಾಡಿನ ಜೋಡಿ ವರ್ಷವರ್ಷವೂ ಅದೇ ಪೊಟರೆಗೆ ಮರಳುತ್ತದೆ. ಆ ಮರ ಇಲ್ಲವಾದರೆ ಎಷ್ಟು ಆಯುಷ್ಯ ಇದ್ದೇನು?

ಕಾಡಿಗೂ ಈ ಹಕ್ಕಿ ಬೇಕು. ರಾಮಪತ್ರೆ, ರಾಳಧೂಪದಂಥ ದಪ್ಪ ಬೀಜದ ಹಣ್ಣನ್ನು ಇಡಿಯಾಗಿ ನುಂಗುವ ಗಂಟಲು ಎಷ್ಟು ಹಕ್ಕಿಗಳಿಗಿದೆ? ತಿರುಳು ಅರಗಿಸಿಕೊಂಡು ಬೀಜವನ್ನು ತಾಯಿಮರದಿಂದ ದೂರ ಉಗುಳುತ್ತದೆ. ಇವತ್ತು ಉಗುಳಿದ ಬೀಜದ ಮರದಲ್ಲಿ ಪೊಟರೆ ಬೀಳುವುದು ಎಷ್ಟೋ ತಲೆಮಾರಿನ ನಂತರ.

2011ರಲ್ಲಿ ಕರ್ನಾಟಕ ಸರ್ಕಾರ ದಾಂಡೇಲಿಯ ಕಾಳಿ ನದಿ ಪ್ರದೇಶದಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಿಸಿತು. ಒಳ್ಳೆಯ ಕೆಲಸ. ಸಾಲದು. ಅವು ಹಣ್ಣಿಗೆ ಬರುವ ಗೋಳಿ, ಅತ್ತಿ ಮರಗಳು ನಮ್ಮ ತೋಟದಂಚಿನಲ್ಲಿ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಕೂಡ ಇವೆ. ಪೊಟರೆ ಬಿದ್ದ ಮರ ನಾಟಕ್ಕೆ ಬಾರದು, ಸೌದೆಗಾದರೂ ಆಗಲಿ ಎಂದು ಕೊಡಲಿ ಹಾಕುವ ರೂಢಿ ನಮ್ಮಲ್ಲಿದೆ. ನನ್ನ ಮಟ್ಟಿಗೆ ಬೆಟ್ಟದಲ್ಲಿ ಅದಕ್ಕಿಂತ ಬೆಲೆಯುಳ್ಳ ಮರ ಬೇರೆ ಇಲ್ಲ. ಸೊಪ್ಪಿನ ಬೆಟ್ಟ ಇರುವವರಲ್ಲಿ ನನ್ನದೊಂದೇ ಕೋರಿಕೆ: ಸೌದೆಗೆ ಬೇರೆ ಮರ ನೋಡಿ, ಪೊಟರೆ ಇರುವ ಮರವನ್ನು ನಿಲ್ಲಲು ಬಿಡಿ.