ಮೊಮ್ಮಗನ ಹೆಸರು

ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವುದು ನಮ್ಮ ಮನೆತನದಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ನಾವು ಹೊತ್ತಿರುವುದೂ ನಮ್ಮ ಅಜ್ಜಂದಿರ ಹೆಸರೇ. ಆದುದರಿಂದ, ನಾರ್ವೆ ದೇಶದ ಆಸ್ಲೋ ನಗರದಲ್ಲಿ ನೆಲಸಿ ಅಲ್ಲಿಯ ಕನ್ಯೆಯನ್ನೇ ವರಿಸಿದ ನಮ್ಮ ಮಗನಿಗೆ ಗಂಡು ಮಗುವಾಯಿತೆಂಬ ವರ್ತಮಾನ ಬಂದಾಗ, ನಮ್ಮ ಹೆಸರು ಇನ್ನೊಂದು ತಲೆಮಾರು ಬಾಳುವುದೆಂದು ಒಳಗೊಳಗೇ ಹಿಗ್ಗಿದೆವು. ಕೆಲವು ದಿನಗಳ ಮೇಲೆ ಮಗುವಿನ ಭಾವಚಿತ್ರವೂ, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರೂ ಬಂದುವು. ಕನ್ನಡಕವನ್ನೇರಿಸಿ ಓದಿದೆವು: ಹಾಕೋನ್.

ಮನೆಯ ಹುಡುಗರಿಗೆ ಅದೊಂದು ಹಬ್ಬವೇ ಆಯಿತು. "ಅನ್ನ ಹಾಕೋಣವೇ? ಹುಳಿ ಹಾಕೋಣವೇ?" ಎಂದು ಊಟದ ಪಂಕ್ತಿಯಲ್ಲಿ ನಗೆಯೋ ನಗೆ. ನಾವೂ ನಕ್ಕೆವು, ಆದರೆ ಅದು ತುಟಿಯ ಮೇಲಿನ ನಗೆ.

ಅಸಮಾಧಾನವು ಕೆಲವೊಮ್ಮೆ ವಿದ್ಯೆಗೂ ಕಾರಣವಾಗುತ್ತದೆ. ನಮ್ಮ ಹೆಸರನ್ನು ಹಿಂದಕ್ಕೆ ತಳ್ಳಿದ ಈ ಹೆಸರಿನಲ್ಲಿ ಅಂಥ ಹಿರಿಮೆ ಏನಿದೆಯೆಂದು ಹುಡುಕತೊಡಗಿದೆವು. ಹತ್ತನೆಯ ಶತಮಾನದಿಂದ ಮೊದಲ್ಗೊಂಡು ಆರು ಮಂದಿ ಅರಸರು ಆ ಹೆಸರಿನಿಂದ ನಾರ್ವೆಯನ್ನಾಳಿದ್ದರು. ಆರನೆಯವನು 1380ರಲ್ಲಿ ತೀರಿಕೊಂಡ ಮೇಲೆ ಆ ದೇಶವು ಮೊದಲು ಡೆನ್ಮಾರ್ಕಿಗೂ, 1814ರ ತರುವಾಯ ಸ್ವೀಡನ್ನಿಗೂ ಗಂಟುಬಿದ್ದು ಬಹುಕಾಲ ಕಳೆಯಿತು. 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದಾಗ ಜನರು ಡೆನ್ಮಾರ್ಕಿನ ರಾಜಕುಮಾರ ಕಾರ್ಲನನ್ನು ಸಿಂಹಾಸನಕ್ಕೆ ಕರೆದರು. ಆತನು ಹುಟ್ಟುಹೆಸರನ್ನು ಬಿಟ್ಟು ಆ ಹಳೆಯ ಹೆಸರನ್ನೇ ಧರಿಸಿ ಅದರ ಏಳನೆಯ ಅರಸನಾದನು. ಎರಡು ವರ್ಷದ ಮಗ ಅಲೆಕ್ಸಾಂಡರನು ಓಲಾವ್ ಆದನು. 525 ವರ್ಷ ಮಲಗಿದ್ದ ರಾಜನಾಮವು ಹೀಗೆ ಎದ್ದಿತು. 1940ರಲ್ಲಿ ದೇಶವನ್ನು ಆಕ್ರಮಿಸಿದ ಜರ್ಮನರು ಕ್ವಿಸ್ಲಿಂಗನೆಂಬವನನ್ನು ಪ್ರಧಾನಿಯಾಗಿ ನೇಮಿಸೆಂದಾಗ, ಈ ಅರಸನು ಒಪ್ಪಲಿಲ್ಲ. ಆತನು ಇಂಗ್ಲೆಂಡಿನಲ್ಲಿದ್ದ ಐದು ವರ್ಷವೂ ಜನರು ಅವನ ಹೆಸರಿನ ಮೊದಲಕ್ಷರವನ್ನೂ ಏಳರ ಅಂಕಿಯನ್ನೂ ಹೆಣೆದು ಗೋಡೆಗಳ ಮೇಲೆ ಗುಟ್ಟಾಗಿ ಬರೆಯುತ್ತಿದ್ದರು. 1973ರಲ್ಲಿ ಹುಟ್ಟಿದ ಮರಿಮಗನಿಗೂ ಅದೇ ಹೆಸರಾಯಿತು. ಅಂಥ ಹೆಸರನ್ನು ಅಲ್ಲಿಯ ತಾಯಿತಂದೆಗಳು ಇಂದಿಗೂ ಮೆಚ್ಚಿ ಇಡುವುದರಲ್ಲಿ ಆಶ್ಚರ್ಯವೇನು? ನಮ್ಮ ಸೊಸೆಯ ಅಜ್ಜನ ಹೆಸರೂ ಅದೇ ಎಂದು ಮಗನಿಂದ ತಿಳಿಯಿತು. ಅಜ್ಜನ ಹೆಸರನ್ನು ಮಕ್ಕಳಿಗಿಡುವ ವಾಡಿಕೆ ಅಲ್ಲಿಯೂ ಹಳೆಯದಂತೆ! ನಮ್ಮ ಪದ್ಧತಿಯೇ ನಡೆದಿತ್ತು. ಅಜ್ಜ ಮಾತ್ರ ಬೇರೆ.

ಒಂದು ಭಾನುವಾರ, ಮುಖ ಕಾಣುವ ದೂರವಾಣಿಯಲ್ಲಿ ಮಗುವನ್ನು "ಹಾಕೋನ್, ಹಾಕೋನ್" ಎಂದು ಎಷ್ಟು ಕೂಗಿದರೂ ಅದು ತಿರುಗಿಯೂ ನೋಡಲಿಲ್ಲ. ಸೊಸೆಯು ಮೆಲ್ಲನೆ "ಹೋಕೊನ್" ಎಂದು ತಿದ್ದಿದಳು. ಅಲ್ಲಿ ಎರಡು 'ಎ' ಅಕ್ಷರಗಳನ್ನು ಜೊತೆಯಾಗಿ ಬರೆಯುವುದು ಹಳೆಯ ಕ್ರಮ. 1917ರಿಂದ ಅದರ ಬದಲಾಗಿ ತಲೆಯ ಮೇಲೆ ಪುಟ್ಟ ಬಳೆಯನ್ನು ಹೊತ್ತ ಒಂದೇ 'ಎ' ಬಂದಿದೆ. ಅರಮನೆಯವರೂ ಕೆಲವು ಮನೆಯವರೂ ಹಳೆಯದನ್ನೇ ಉಳಿಸಿಕೊಂಡಿದ್ದಾರೆ. ಹೇಗೆ ಬರೆದರೂ ಉಚ್ಚಾರ ನಮ್ಮ ಆಕಾರವಲ್ಲ, ಓಕಾರಕ್ಕೆ ಹತ್ತಿರವಾದ ದೀರ್ಘ ಸ್ವರ. ಒತ್ತು ಮೊದಲಕ್ಷರದ ಮೇಲೆ. ಇಷ್ಟನ್ನು ತಿಳಿಸಿ ಆಕೆ ತೊದಲುಗನ್ನಡದಲ್ಲಿ, "ನಿಮ್ಮ ಹೆಸರಿನ ಳಕಾರ ನನಗೆ ಒಂದು ತಿಂಗಳು ಹಿಡಿಯಿತು, ಮಾವ" ಎಂದಳು. ಮಗು ಅಜ್ಜನ ಹೆಸರನ್ನು ತಪ್ಪಾಗಿ ಕಲಿಯಬಾರದೆಂದು ತೊಟ್ಟಿಲಿನ ಬಳಿ ದಿನವೂ ಅದನ್ನು ಹೇಳಿಕೊಳ್ಳುತ್ತಿದ್ದಳಂತೆ.

ನಮಗೆ ಮಾತು ಹೊರಡಲಿಲ್ಲ. ಮೊಮ್ಮಗನ ಹೆಸರಿಗಾಗಿ ನಾವು ಒಂದು ತಿಂಗಳಿರಲಿ, ಒಂದು ಗಳಿಗೆಯನ್ನೂ ಕೊಟ್ಟಿರಲಿಲ್ಲ. ಅದರ ಮೇಲೆ ಮುನಿಸಿಕೊಂಡಿದ್ದೆವು, ಅಷ್ಟೆ.

ಮನೆಯಾಕೆ ಈಗ ಮಗುವನ್ನು "ಹೋಕ" ಎಂದೇ ಕರೆಯುತ್ತಾಳೆ. ಅದೇನೆಂದರೆ, "ದಾರಿಹೋಕ ಎನ್ನುವುದಿಲ್ಲವೇ? ಮನೆ ಬಿಟ್ಟು ಹೋದವನ ಮಗ ಹೋಕನಲ್ಲದೆ ಮತ್ತೇನು?" ಎಂದು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ನಾವು ವಾರವಿಡೀ ಅಭ್ಯಾಸ ಮಾಡಿ ಮುಂದಿನ ಭಾನುವಾರ "ಹೋಕೊನ್" ಎಂದು ಕರೆದೆವು. ಮಗು ಕೈಯಲ್ಲಿದ್ದ ಆಟಿಕೆಯನ್ನು ಬಿಟ್ಟು ನಮ್ಮತ್ತ ತಿರುಗಿತು.