ಬೇಲಿ ಮತ್ತು ಸೂಜಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ನನ್ನ ಮೈಯ ಕಥೆಯೂ ಇದೇ. ರೋಗವನ್ನು ತಡೆಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ. ರುಮಟಾಯ್ಡ್ ಸಂಧಿವಾತವೆಂದು ಅದರ ಹೆಸರು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಅದನ್ನು ಹದ್ದುಬಸ್ತಿನಲ್ಲಿಟ್ಟಿದೆ.

ಮುಂಬಯಿಯ ಮಳೆಯೊಡನೆ ಫ್ಲೂ ಕೂಡ ಬರುತ್ತದೆ. ಈ ಮೇ ತಿಂಗಳಲ್ಲಿ, ಬಾಣಂತನಕ್ಕೆ ಬಂದ ಮಗಳು, “ಅಪ್ಪಾ, ಲಸಿಕೆ ಹಾಕಿಸಿಕೊಳ್ಳಿ” ಎಂದಳು. ಮಲಗಿದ ನೋವನ್ನು ಸೂಜಿ ಚುಚ್ಚಿ ಎಬ್ಬಿಸುವುದೇ? ನಾನು ಒಪ್ಪಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು: ಸೂಜಿಮದ್ದಿನಲ್ಲಿರುವುದು ನಿರ್ಜೀವ ವೈರಾಣು, ಅದರಿಂದ ಫ್ಲೂ ಬರದು; ಮೂಗಿಗೆ ಸಿಂಪಡಿಸುವ ಸಜೀವ ಲಸಿಕೆ ಮಾತ್ರ ನನಗೆ ಸಲ್ಲದು. ಕೀಲುಗಳು ಶಾಂತವಾಗಿರುವುದರಿಂದ, ಲಸಿಕೆಯ ಬಳಿಕ 2 ವಾರ ಮಾತ್ರೆ ನಿಲ್ಲಿಸಿದರೆ ಅದರ ಫಲ ಹೆಚ್ಚು.

ಆ 2 ವಾರಗಳೇ ನನ್ನ ಭಯ. ಆದರೆ 6 ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲವೆಂದು ಅವರೇ ಅಂದಾಗ ಲೆಕ್ಕ ಬದಲಾಯಿತು. ನೋವು ಬಂದರೆ ನನಗೊಬ್ಬನಿಗೆ. ಫ್ಲೂ ಬಂದರೆ ತೊಟ್ಟಿಲಿಗೂ. ತೋಳು ಚಾಚಿದೆ.

ಹತ್ತನೆಯ ದಿನ ಬೆರಳುಗಳು ಬಿಗಿದವು, ಲೋಟ ಹಿಡಿಯಲಾಗಲಿಲ್ಲ. ಮಾತ್ರೆ ಮತ್ತೆ ಆರಂಭಿಸಿದ ಮೇಲೆ ಸಡಿಲಿದವು. ಈಗ ಹೊರಗೆ ಮಳೆ, ಮಡಿಲಲ್ಲಿ ಮೊಮ್ಮಗ. ವೈರಾಣು ವೇಷ ಬದಲಿಸುವುದರಿಂದ ಬರುವ ವರ್ಷ ಮತ್ತೆ ಲಸಿಕೆ ಬೇಕು. ಆಗಲೂ ಹೆದರಿಕೆಯಾದೀತು, ಆದರೂ ಹೋಗುವೆನು.